ಹಳೆಯ ಕಾರಿಗೆ ನಾಲ್ಕನೇ ಗೇರು: ಪೆಟ್ರೋಲ್ ಎಷ್ಟು ಉಳಿದೀತು?

ಪ್ರಶ್ನೆ: ನನ್ನ ಬಳಿ 1970ರ ಶೆವರ್ಲೆ ಶೆವೆಲ್ ಇದೆ. 350 ಘನ ಇಂಚಿನ ವಿ8 ಎಂಜಿನ್, ಮೂರು ಗೇರಿನ ಟರ್ಬೊ ಹೈಡ್ರಮ್ಯಾಟಿಕ್ 350 ಆಟೊಮ್ಯಾಟಿಕ್, ಹಿಂದಿನ ಆ್ಯಕ್ಸಲ್ 3.55, ಟೈರಿನ ಎತ್ತರ 26 ಇಂಚು. ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ. ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಹೋಗುವಾಗ ಟ್ಯಾಕೋಮೀಟರ್ 3100 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತೋರಿಸುತ್ತದೆ. ಲೀಟರಿಗೆ ಐದೂವರೆ ಕಿಲೋಮೀಟರ್ ದಾಟುವುದಿಲ್ಲ. ನಾಲ್ಕು ಗೇರಿನ ಓವರ್‌ಡ್ರೈವ್ ಗೇರ್‌ಬಾಕ್ಸ್ ಹಾಕಿಸಿದರೆ ಎಷ್ಟು ಉಳಿದೀತು, ಯಾವುದನ್ನು ಹಾಕಿಸಲಿ? ಗೆಳೆಯರೊಬ್ಬರು ‘ಗೇರ್‌ಬಾಕ್ಸ್ ಮುಟ್ಟಬೇಡ, ಆ್ಯಕ್ಸಲ್ಲಿನ ಗೇರ್ ಬದಲಿಸು, ಸಾಕು’ ಎನ್ನುತ್ತಾರೆ. ವರ್ಷಕ್ಕೆ ಓಡಿಸುವುದು ಮೂರು ಸಾವಿರ ಕಿ.ಮೀ., ಅದರಲ್ಲಿ ಹೆಚ್ಚಿನದು ಹೆದ್ದಾರಿಯೇ.

ಉತ್ತರ: ಟೈರಿನ ಎತ್ತರವನ್ನೂ ಆರ್‌ಪಿಎಂ ಅನ್ನೂ ಬರೆದು ಒಳ್ಳೆಯದು ಮಾಡಿದಿರಿ. ಎಷ್ಟೋ ಮಂದಿ ‘ಮೈಲೇಜ್ ಬರ್ತಿಲ್ಲ’ ಎಂದಷ್ಟೇ ಬರೆಯುತ್ತಾರೆ. ನೀವು ಕೊಟ್ಟ ಅಂಕಿಗಳಲ್ಲೇ ಅರ್ಧ ಉತ್ತರ ಇದೆ.

26 ಇಂಚಿನ ಟೈರು ಕಾರಿನ ಭಾರಕ್ಕೆ ಸ್ವಲ್ಪ ಅಮುಕಿಕೊಂಡು, ಒಂದು ಸುತ್ತಿಗೆ ಹೆಚ್ಚುಕಡಿಮೆ ಎರಡು ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 100 ಕಿ.ಮೀ. ಎಂದರೆ ನಿಮಿಷಕ್ಕೆ 1667 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ 833 ಸುತ್ತು. ಆ್ಯಕ್ಸಲ್ 3.55 ಎಂದರೆ ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟು 3.55 ಸುತ್ತು ತಿರುಗಬೇಕು, 833ನ್ನು 3.55ರಿಂದ ಗುಣಿಸಿದರೆ 2960. ನಿಮ್ಮ ಮೂರನೇ ಗೇರು ಒಂದಕ್ಕೊಂದು ನೇರ ಗೇರು, ಹಾಗಾಗಿ ಎಂಜಿನ್ನೂ 2960 ತಿರುಗಬೇಕಿತ್ತು. ಆದರೆ ನಿಮ್ಮ ಮುಳ್ಳು 3100ರಲ್ಲಿ ನಿಂತಿದೆ. ಮೀಟರ್ ಸರಿಯಿದೆ ಎಂದಿಟ್ಟುಕೊಂಡರೆ, ಆ 140 ಸುತ್ತು ಎಲ್ಲಿ ಹೋಯಿತು?

ಟಾರ್ಕ್ ಕನ್ವರ್ಟರಿನ ಎಣ್ಣೆಯೊಳಗೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಅಲ್ಲಿ ಕಬ್ಬಿಣದ ಕೊಂಡಿ ಇಲ್ಲ, ನಡುವೆ ಇರುವುದು ಎಣ್ಣೆ ಮಾತ್ರ. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಚಾಲೂ ಮಾಡಿದರೆ ಇನ್ನೊಂದು ಗಾಳಿಗೆ ತಿರುಗುತ್ತದಲ್ಲ, ಹಾಗೆ. ಎರಡನೆಯದು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ. ನಿಮ್ಮ ಕಾರಿನಲ್ಲಿ ಆ ಜಾರುವಿಕೆ ಶೇಕಡಾ ನಾಲ್ಕೂವರೆ. ಈ ಗಾತ್ರದ ಕಾರನ್ನು ಸಮತಟ್ಟು ರಸ್ತೆಯಲ್ಲಿ ಆ ವೇಗದಲ್ಲಿ ಓಡಿಸಲು ಬೇಕಾಗುವುದು ಸುಮಾರು 20 ಕಿಲೋವ್ಯಾಟ್. ಅದರ ಶೇಕಡಾ ನಾಲ್ಕೂವರೆ ಎಂದರೆ 900 ವ್ಯಾಟ್. ಒಂದು ಇಸ್ತ್ರಿಪೆಟ್ಟಿಗೆಯನ್ನು ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಮುಳುಗಿಸಿ, ಊರು ತಲುಪುವವರೆಗೂ ಉರಿಸಿಕೊಂಡು ಹೋಗುತ್ತಿದ್ದೀರಿ.

ಆದ್ದರಿಂದ ನಿಮಗೆ ಬೇಕಾದದ್ದು ಒಂದಲ್ಲ, ಎರಡು. ಎಂಜಿನ್ನಿನ ಸುತ್ತು ಇಳಿಸುವ ಓವರ್‌ಡ್ರೈವ್ ಗೇರು ಮತ್ತು ಜಾರುವಿಕೆ ನಿಲ್ಲಿಸುವ ಲಾಕಪ್ ಕ್ಲಚ್ಚು. ಲಾಕಪ್ ಎಂದರೆ ಕನ್ವರ್ಟರಿನೊಳಗೇ ಕೂತಿರುವ ಒಂದು ಕ್ಲಚ್ ತಟ್ಟೆ. ವೇಗ ನೆಲೆಗೆ ಬಂದ ಮೇಲೆ ಅದು ಎರಡೂ ಬದಿಯನ್ನು ಕಚ್ಚಿ ಹಿಡಿಯುತ್ತದೆ, ಎಣ್ಣೆಗೆ ಕೆಲಸವೇ ಇರುವುದಿಲ್ಲ. ಇದೇನೂ ಹೊಸ ವಿದ್ಯೆಯಲ್ಲ. ಪ್ಯಾಕರ್ಡ್ ಕಂಪನಿಯ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ 1949ರಲ್ಲೇ ಇತ್ತು. ಆದರೆ ಅಮೆರಿಕದಲ್ಲಿ ಪೆಟ್ರೋಲ್ ಅಗ್ಗವಾಗಿದ್ದಾಗ ಅದರ ತಲೆನೋವು ಯಾರಿಗೂ ಬೇಕಿರಲಿಲ್ಲ. 1973ರ ತೈಲ ಬಿಕ್ಕಟ್ಟು, 1975ರ ಇಂಧನ ಕಾಯ್ದೆ, 1978ರ ಮಾಡೆಲ್‌ಗಳಿಂದ ಕಂಪನಿಗಳ ಮೇಲೆ ಬಿದ್ದ ಸರಾಸರಿ ಮೈಲೇಜಿನ ಕಟ್ಟುಪಾಡು, ಇವೆಲ್ಲ ಸೇರಿ ಜನರಲ್ ಮೋಟರ್ಸ್‌ನ ಕೈಯಲ್ಲಿ ಎರಡು ಗೇರ್‌ಬಾಕ್ಸ್ ಮಾಡಿಸಿದವು: 1981ರಲ್ಲಿ 200-4ಆರ್, 1982ರಲ್ಲಿ 700ಆರ್4. ನಿಮ್ಮ ಆಯ್ಕೆ ಬಹುತೇಕ ಈ ಎರಡರ ನಡುವೆಯೇ.

ಮೊದಲು ನಿಮ್ಮ ಗೆಳೆಯರ ಮಾತು. ಅವರು ಹೇಳಿದ್ದು ತಪ್ಪಲ್ಲ, ಅರ್ಧ ಸರಿ. 3.55 ತೆಗೆದು 2.73 ಹಾಕಿದರೆ 100 ಕಿ.ಮೀ. ವೇಗಕ್ಕೆ ಲೆಕ್ಕದಲ್ಲಿ 2275, ಜಾರುವಿಕೆ ಸೇರಿ 2390ರ ಆಸುಪಾಸು ಬರುತ್ತದೆ. ಕೆಲಸ ಸಣ್ಣದು, ಕಾರಿನ ಹೊಟ್ಟೆ ಕೊಯ್ಯಬೇಕಾಗಿಲ್ಲ. ಆದರೆ ನಿಂತಲ್ಲಿಂದ ಹೊರಡುವಾಗ ಇದರ ಬೆಲೆ ತೆರುತ್ತೀರಿ. ಈಗ ನಿಮ್ಮ ಮೊದಲ ಗೇರಿನ 2.52ಕ್ಕೆ 3.55 ಗುಣಿಸಿದರೆ ಸುಮಾರು 9. ಆ್ಯಕ್ಸಲ್ ಬದಲಿಸಿದ ಮೇಲೆ ಅದು 6.9ಕ್ಕೆ ಇಳಿಯುತ್ತದೆ. ಕಾಲುಭಾಗದಷ್ಟು ಎಳೆತ ಹೋಯಿತು. ಸಿಗ್ನಲ್ಲಿನಲ್ಲಿ, ಏರಿನಲ್ಲಿ ಕಾರು ಸೋಮಾರಿಯಾಗುತ್ತದೆ, ನೀವು ಆಕ್ಸಿಲರೇಟರ್ ಹೆಚ್ಚು ಒತ್ತುತ್ತೀರಿ, ಊರೊಳಗೆ ಪೆಟ್ರೋಲ್ ಉಳಿಯುವ ಬದಲು ಹೋಗಲೂಬಹುದು. ಲಾಕಪ್ ಅಂತೂ ಇಲ್ಲವೇ ಇಲ್ಲ, ಇಸ್ತ್ರಿಪೆಟ್ಟಿಗೆ ಉರಿಯುತ್ತಲೇ ಇರುತ್ತದೆ. ಪೂರ್ತಿ ಹೆದ್ದಾರಿಯಲ್ಲೇ ಓಡಿಸುವವರು, ಮೂಲ ಗೇರ್‌ಬಾಕ್ಸನ್ನು ಮುಟ್ಟಲು ಮನಸ್ಸಿಲ್ಲದವರು ಇದನ್ನೇ ಮಾಡಿಸಿಕೊಳ್ಳಲಿ. ಆದರೆ ಎರಡನ್ನೂ ಒಟ್ಟಿಗೆ ಮಾಡಬೇಡಿ. 2.73 ಆ್ಯಕ್ಸಲ್ಲಿಗೆ ಓವರ್‌ಡ್ರೈವ್ ಸೇರಿದರೆ 100 ಕಿ.ಮೀ.ಗೆ ಎಂಜಿನ್ 1500ರಿಂದ 1600 ತಿರುಗುತ್ತದೆ. ಸಣ್ಣ ಏರು ಬಂದರೂ ಏದುಸಿರು ಬಿಟ್ಟು ಕೆಳಗಿನ ಗೇರಿಗೆ ಬೀಳುತ್ತದೆ, ಮತ್ತೆ ಏರುತ್ತದೆ, ಮತ್ತೆ ಬೀಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ.

ಈಗ ಗೇರ್‌ಬಾಕ್ಸಿಗೆ ಬರೋಣ. 700ಆರ್4ರ ಗೇರುಗಳು 3.06, 1.63, 1, 0.70. 200-4ಆರ್‌ನವು 2.74, 1.57, 1, 0.67. ನಿಮ್ಮ 3.55ರ ಜೊತೆ ಮೊದಲನೆಯದು 100 ಕಿ.ಮೀ.ಗೆ 2070 ಆರ್‌ಪಿಎಂ ಕೊಡುತ್ತದೆ, ಎರಡನೆಯದು 1980. ಲಾಕಪ್ ಹಿಡಿದಿರುವುದರಿಂದ ಜಾರುವಿಕೆ ಸೇರಿಸಬೇಕಾಗಿಲ್ಲ. ಹೆದ್ದಾರಿಯ ಮಟ್ಟಿಗೆ ಇವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಕಾರಿನ ಕೆಳಗೆ.

ನಿಮ್ಮ ಟರ್ಬೊ 350ರ ಗಿಡ್ಡ ಬಾಲದ ಮಾದರಿಯ ಉದ್ದ 70 ಸೆಂಟಿಮೀಟರ್. 200-4ಆರ್‌ನ ಉದ್ದವೂ ಅಷ್ಟೇ. ಹಿಂದಿನ ಶಾಫ್ಟಿನ ಯೋಕ್‌ (ಗೇರ್‌ಬಾಕ್ಸಿಗೆ ಸಿಕ್ಕಿಸುವ ಕೊಂಡಿ) ಕೂಡ ಅದೇ 27 ಹಲ್ಲಿನದು. ಅಂದರೆ ಈಗಿನ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸದೆ ಹಾಗೇ ಕೂರುತ್ತದೆ. ಬದಲಾಗುವುದು ಗೇರ್‌ಬಾಕ್ಸ್ ಹೊತ್ತಿರುವ ಅಡ್ಡಪಟ್ಟಿಯ ಜಾಗ, ಅದನ್ನು ಹಿಂದಕ್ಕೆ ಸರಿಸಬೇಕು. 700ಆರ್4 ಎಂಟು ಸೆಂಟಿಮೀಟರಿನಷ್ಟು ಉದ್ದ. ಶಾಫ್ಟನ್ನು ಅಷ್ಟು ಕತ್ತರಿಸಿ, ಬೆಸೆದು, ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಅಡ್ಡಪಟ್ಟಿಯೂ ಸರಿಯಬೇಕು. ಇನ್ನೊಂದು ವಿಷಯ: 700ಆರ್4ರಲ್ಲಿ ಮೊದಲ ಗೇರಿನಿಂದ ಎರಡಕ್ಕೆ ಬೀಳುವಾಗ ನಡುವೆ ದೊಡ್ಡ ಹಳ್ಳ. ಎಂಜಿನ್ 4000ದಿಂದ ಒಮ್ಮೆಗೇ 2130ಕ್ಕೆ ಕುಸಿಯುತ್ತದೆ. ನಿಮ್ಮ ಈಗಿನ ಗೇರ್‌ಬಾಕ್ಸಿನಲ್ಲಿ ಅದು 2400ರಲ್ಲಿ ನಿಲ್ಲುತ್ತದೆ. 3.55 ಆ್ಯಕ್ಸಲ್ಲಿಗೆ 3.06ರ ಮೊದಲ ಗೇರು ಬೇಕಾಗಿಯೂ ಇಲ್ಲ, ಹೊರಟ ಅರೆಗಳಿಗೆಗೇ ಮುಗಿದುಹೋಗುತ್ತದೆ. ನಿಮ್ಮ ಕಾರಿಗೆ ನನ್ನ ಮತ 200-4ಆರ್. ಆ್ಯಕ್ಸಲ್ 3.08 ಅಥವಾ ಅದಕ್ಕಿಂತ ಕಡಿಮೆ ಇದ್ದಿದ್ದರೆ 700ಆರ್4 ಎನ್ನುತ್ತಿದ್ದೆ. ಅದನ್ನೇ ಕೊಳ್ಳುವ ಸಂದರ್ಭ ಬಂದರೆ 1987ರ ನಂತರದ್ದನ್ನು ಹುಡುಕಿ, ಮೊದಲ ವರ್ಷಗಳ ದೌರ್ಬಲ್ಯಗಳು ಅಷ್ಟು ಹೊತ್ತಿಗೆ ಬಹುಪಾಲು ಸರಿಯಾಗಿದ್ದವು.

ಕಂಪ್ಯೂಟರಿನಿಂದ ನಡೆಯುವ ಆರು ಗೇರಿನ 6ಎಲ್80 ಹಾಕಿಸಿ ಎನ್ನುವವರೂ ಸಿಗುತ್ತಾರೆ. ಒಳ್ಳೆಯ ಗೇರ್‌ಬಾಕ್ಸೇ. ಆದರೆ ಅದರ ಕೊನೆಯ ಗೇರು ಎಷ್ಟು ಗೊತ್ತೇ? 0.67. ಅದೇ 1981ರ 200-4ಆರ್‌ನ ಅಂಕಿ. ಹೆದ್ದಾರಿಯಲ್ಲಿ ಒಂದೇ ಸಮ ಓಡುವಾಗ ಎರಡೂ ಎಂಜಿನ್ನನ್ನು ಒಂದೇ ಆರ್‌ಪಿಎಂಗೆ ಇಳಿಸುತ್ತವೆ. ಅದಕ್ಕಾಗಿ ಬೇರೆ ಕಂಟ್ರೋಲರು, ವೈರಿಂಗು, ಕಾರ್ಬುರೇಟರಿಗೆ ಸೆನ್ಸರು, ಅಗಲವಾದ ಮೈಗೆ ಜಾಗ ಮಾಡಲು ಕಾರಿನ ನೆಲ ಕೊಯ್ಯುವುದು. ನಿಮ್ಮ ಉದ್ದೇಶಕ್ಕೆ ಮೂಗಿಗಿಂತ ಮೂಗುತಿ ಭಾರ. ಈಗಿನ ಗೇರ್‌ಬಾಕ್ಸಿನ ಬಾಲಕ್ಕೆ ಜೋಡಿಸುವ ಗೇರ್ ವೆಂಡರ್ಸ್ ಓವರ್‌ಡ್ರೈವ್ ಕೂಡ ಉಂಟು, 0.78 ಅದರ ಅನುಪಾತ. ಗಟ್ಟಿ ಮಾಲು, ಆದರೆ ಲಾಕಪ್ ಬರುವುದಿಲ್ಲ.

ಇನ್ನು ಎಷ್ಟು ಉಳಿದೀತು ಎಂಬ ಪ್ರಶ್ನೆ. ಆರ್‌ಪಿಎಂ ಮೂರನೇ ಒಂದು ಪಾಲು ಇಳಿಯಿತು, ಪೆಟ್ರೋಲೂ ಮೂರನೇ ಒಂದು ಪಾಲು ಉಳಿಯುತ್ತದೆ ಎಂದು ಲೆಕ್ಕ ಹಾಕಬೇಡಿ. ಗಾಳಿಯನ್ನು ಸೀಳಲು, ಟೈರನ್ನು ಉರುಳಿಸಲು ಬೇಕಾದ 20 ಕಿಲೋವ್ಯಾಟ್ ಅಷ್ಟೇ ಇರುತ್ತದೆ. ಕಡಿಮೆಯಾಗುವುದು ಎಂಜಿನ್ ತನ್ನೊಳಗೇ ತಿನ್ನುತ್ತಿದ್ದದ್ದು: ಎಂಟು ಪಿಸ್ಟನ್ನುಗಳ ಉಜ್ಜುವಿಕೆ, ಮತ್ತು ಅರೆಮುಚ್ಚಿದ ಥ್ರಾಟಲಿನ (ಗಾಳಿಯ ದಾರಿಯಲ್ಲಿರುವ ಬಾಗಿಲಿನ) ಮೂಲಕ ಗಾಳಿ ಎಳೆದುಕೊಳ್ಳುವ ದಂಡ ಶ್ರಮ. ಸಣ್ಣ ಕೊಳವೆಯಲ್ಲಿ ಗಟ್ಟಿ ಮಜ್ಜಿಗೆ ಹೀರಿದ ಹಾಗಿನ ಕೆಲಸ ಅದು. ಆರ್‌ಪಿಎಂ ಇಳಿದಾಗ ಅದೇ ಶಕ್ತಿಗೆ ಥ್ರಾಟಲ್ ಸ್ವಲ್ಪ ಹೆಚ್ಚು ತೆರೆಯುತ್ತದೆ, ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. ಇವೆಲ್ಲ ಸೇರಿ ಹೆದ್ದಾರಿಯಲ್ಲಿ ಶೇಕಡಾ 10ರಿಂದ 15 ಉಳಿತಾಯ ನಿರೀಕ್ಷಿಸಿ. ನಿಮ್ಮ ಐದೂವರೆ ಆರೂಕಾಲರ ಹತ್ತಿರ ಬಂದೀತು. ಊರೊಳಗೆ ಏನೂ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ, ನಾಲ್ಕನೇ ಗೇರೇ ಬೀಳುವುದಿಲ್ಲವಲ್ಲ.

ವರ್ಷಕ್ಕೆ ಮೂರು ಸಾವಿರ ಕಿ.ಮೀ.ಗೆ ಈಗ 545 ಲೀಟರ್ ಕುಡಿಯುತ್ತಿರುವ ಕಾರು 475ರ ಆಸುಪಾಸು ಕುಡಿಯುತ್ತದೆ. ಉಳಿದದ್ದು 70 ಲೀಟರ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಗೇರ್‌ಬಾಕ್ಸು, ಕನ್ವರ್ಟರು, ಕೂಲರು, ಕೂಲಿ ಎಲ್ಲ ಸೇರಿಸಿ ನೋಡಿದರೆ ಆ ಖರ್ಚು ಪೆಟ್ರೋಲಿನಲ್ಲಿ ಹುಟ್ಟಲು ಬಹಳ ವರ್ಷ ಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ಸಿಟ್ಟಾಗಬಾರದು. ಆದರೆ ಇನ್ನೊಂದು ಲೆಕ್ಕವೂ ಇದೆ. ಒಂದು ಗಂಟೆ ಹೆದ್ದಾರಿಯಲ್ಲಿ ಓಡಿದರೆ ನಿಮ್ಮ ಎಂಜಿನ್ ಈಗ 1,86,000 ಸುತ್ತು ತಿರುಗುತ್ತದೆ. ಬದಲಾದ ಮೇಲೆ 1,19,000. ಸದ್ದು ಇಳಿಯುತ್ತದೆ, ಪಕ್ಕದಲ್ಲಿ ಕೂತವರ ಜೊತೆ ಕೂಗದೆ ಮಾತಾಡಬಹುದು. ನಾನು ಈ ಕೆಲಸ ಮಾಡಿಸಿಕೊಂಡದ್ದು ಪೆಟ್ರೋಲಿಗಲ್ಲ, ಇದಕ್ಕೆ.

ಹಣ ಖರ್ಚು ಮಾಡುವ ಮುಂಚೆ ಒಂದು ವ್ಯಾಕ್ಯೂಮ್ ಗೇಜ್ (ಎಂಜಿನ್ನಿನ ಹೀರುವಿಕೆ ಅಳೆಯುವ ಮೀಟರು) ತನ್ನಿ. ಉದ್ದ ರಬ್ಬರ್ ಕೊಳವೆ ಹಾಕಿ, ಇನ್‌ಟೇಕ್ ಮ್ಯಾನಿಫೋಲ್ಡಿನಿಂದ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಿಂದ) ಎಳೆದು, ಮುಂದಿನ ಗಾಜಿನ ಹತ್ತಿರ ಟೇಪು ಹಚ್ಚಿ ನಿಲ್ಲಿಸಿ. ಸಮರಸ್ತೆಯಲ್ಲಿ 100ರಲ್ಲಿ ಹೋಗುವಾಗ ಆರೋಗ್ಯವಂತ ಎಂಜಿನ್ ಪಾದರಸದ 15ರಿಂದ 18 ಇಂಚು ತೋರಿಸಬೇಕು. ಈಗಲೇ 12 ಇದ್ದರೆ ಬ್ರೇಕು ಹಿಡಿದುಕೊಂಡಿದೆಯೋ, ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದೆಯೋ, ಗಾಳಿ ಸೋರುತ್ತಿದೆಯೋ ಮೊದಲು ನೋಡಿ. ನನ್ನ ಅನುಭವದಲ್ಲಿ ಹಳೆಯ ಕಾರುಗಳಲ್ಲಿ ಕಾಣೆಯಾದ ಮೈಲೇಜ್ ಹೆಚ್ಚಾಗಿ ಅಡಗಿ ಕೂತಿರುವುದು ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸಿನಲ್ಲಿ, ಅಂದರೆ ಎಂಜಿನ್ನಿನ ಹೀರುವಿಕೆ ನೋಡಿ ಕಿಡಿಯನ್ನು ಮುಂಚಿತವಾಗಿ ಹಾರಿಸುವ ಏರ್ಪಾಡಿನಲ್ಲಿ. ಅದರ ಪೊರೆ ಹರಿದಿರುತ್ತದೆ, ಇಲ್ಲವೇ ಯಾರೋ ಕೊಳವೆ ಕಿತ್ತು ಸ್ಕ್ರೂ ತುರುಕಿರುತ್ತಾರೆ. 1970ರ ಶೆವರ್ಲೆಗಳಲ್ಲಿ ಇನ್ನೊಂದು ಕಿತಾಪತಿಯೂ ಇದೆ. ಹೊಗೆ ಕಡಿಮೆ ಮಾಡಲೆಂದು, ಮೇಲಿನ ಗೇರು ಬೀಳುವವರೆಗೆ ಈ ಅಡ್ವಾನ್ಸನ್ನು ತಡೆಹಿಡಿಯುವ ಏರ್ಪಾಡನ್ನು ಕಂಪನಿಯೇ ಕೊಟ್ಟಿತ್ತು, ಅದರ ಸ್ವಿಚ್ಚು ಗೇರ್‌ಬಾಕ್ಸಿಗೆ ಸೇರಿದ್ದು. ಗೇರ್‌ಬಾಕ್ಸ್ ಬದಲಾದರೆ ಆ ಸ್ವಿಚ್ಚು ಅನಾಥ. ಹೊಸ ಗೇರ್‌ಬಾಕ್ಸ್ ಹಾಕಿದ ಮೇಲೆ ಡಿಸ್ಟ್ರಿಬ್ಯೂಟರಿಗೆ ವ್ಯಾಕ್ಯೂಮ್ ಬರುತ್ತಿದೆಯೇ ಎಂದು ಕೊಳವೆ ಬಿಚ್ಚಿ ಬೆರಳಿಟ್ಟು ನೋಡಿ.

ಕೆಲಸ ಮುಗಿದ ಮೇಲೂ ಅದೇ ಗೇಜು ಬೇಕು. ಆರ್‌ಪಿಎಂ ಇಳಿದಾಗ ವ್ಯಾಕ್ಯೂಮ್ ಕೆಲವು ಇಂಚು ಬೀಳುವುದು ಸಹಜ. ತೀರಾ ಬಿದ್ದರೆ ಕಾರ್ಬುರೇಟರ್ ‘ಯಜಮಾನರಿಗೆ ಶಕ್ತಿ ಬೇಕಾಗಿದೆ’ ಎಂದುಕೊಂಡು ಪವರ್ ವಾಲ್ವ್ ತೆರೆದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಹಾಲಿ (Holley) ಕಂಪನಿಯ ಕಾರ್ಬುರೇಟರುಗಳಲ್ಲಿ ಸಾಮಾನ್ಯವಾಗಿ ಸಿಗುವ ವಾಲ್ವ್ ಆರೂವರೆ ಇಂಚಿಗೆ ತೆರೆದುಕೊಳ್ಳುತ್ತದೆ. ನಿಮ್ಮ ಮುಳ್ಳು ಹೆದ್ದಾರಿಯಲ್ಲಿ ಹತ್ತಕ್ಕಿಂತ ಮೇಲೆ ಇರುವಷ್ಟು ದಿನ ಚಿಂತೆಯಿಲ್ಲ.

ಈಗ ಈ ಇಡೀ ಕೆಲಸದಲ್ಲಿ ಗೇರ್‌ಬಾಕ್ಸುಗಳ ಜೀವ ತೆಗೆಯುವ ಜಾಗಕ್ಕೆ ಬರುತ್ತೇನೆ. ಅದು ಟಿವಿ ಕೇಬಲ್, ಅಂದರೆ ಥ್ರಾಟಲ್ ವಾಲ್ವ್ ಕೇಬಲ್. ನಿಮ್ಮ ಟರ್ಬೊ 350ಕ್ಕೂ ಕಾರ್ಬುರೇಟರಿನಿಂದ ಒಂದು ಕೇಬಲ್ ಬರುತ್ತದೆ, ಕಿಕ್‌ಡೌನ್ ಕೇಬಲ್. ಅದರ ಕೆಲಸ ಇಷ್ಟೇ: ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವುದು. ಒಳಗಿನ ಎಣ್ಣೆಯ ಒತ್ತಡವನ್ನು ನೋಡಿಕೊಳ್ಳುವುದು ಬೇರೆ, ವ್ಯಾಕ್ಯೂಮ್ ಮಾಡ್ಯುಲೇಟರ್. ಆದ್ದರಿಂದ ಆ ಕೇಬಲ್ ತುಂಡಾದರೂ ಕಾರು ಓಡುತ್ತದೆ. 200-4ಆರ್, 700ಆರ್4ಗಳಲ್ಲಿ ಮಾಡ್ಯುಲೇಟರೇ ಇಲ್ಲ. ಕ್ಲಚ್ಚುಗಳನ್ನು ಒತ್ತಿ ಹಿಡಿಯುವ ಒತ್ತಡ ಎಷ್ಟಿರಬೇಕು ಎಂಬುದನ್ನು ಆ ಕೇಬಲ್ಲೇ, ಆಕ್ಸಿಲರೇಟರಿನ ಪ್ರತಿ ಮಿಲಿಮೀಟರಿಗೂ, ಹೇಳುತ್ತಿರಬೇಕು. ನೋಡಲು ಎರಡೂ ಒಂದೇ ತರಹದ ಕೇಬಲ್ಲು. ‘ಹಳೆಯದೇ ಇದೆಯಲ್ಲ’ ಎಂದು ಅದನ್ನೇ ಸಿಕ್ಕಿಸಿದರೆ ಕಥೆ ಮುಗಿಯಿತು.

ಹೀಗೇ ಆದ ಒಂದು ಕಾರನ್ನು ನಾನು ಬಿಚ್ಚಿ ನೋಡಿದ್ದೇನೆ. ಹೊಸದಾಗಿ ಕಟ್ಟಿದ 700ಆರ್4, ಸಾವಿರ ಕಿಲೋಮೀಟರೂ ಓಡಿರಲಿಲ್ಲ. ಕೇಬಲ್ಲನ್ನು ಕಾರ್ಬುರೇಟರಿನ ತೋಳಿನಲ್ಲಿ ತಪ್ಪು ತೂತಿಗೆ ಸಿಕ್ಕಿಸಿದ್ದರು, ಪೂರ್ತಿ ಒತ್ತಿದಾಗಲೂ ಅದು ಅರ್ಧವೇ ಎಳೆಯುತ್ತಿತ್ತು. ಮಾಲೀಕರು ಮೊದಮೊದಲು ಬಹಳ ಖುಷಿಯಲ್ಲಿದ್ದರಂತೆ, ‘ಬೆಣ್ಣೆ ಕತ್ತರಿಸಿದ ಹಾಗೆ ಗೇರ್ ಬೀಳ್ತಿತ್ತು ಸಾರ್’ ಎಂದರು. ಆ ಬೆಣ್ಣೆಯೇ ಕ್ಲಚ್ ಜಾರುತ್ತಿದ್ದದ್ದು. ಡಿಪ್‌ಸ್ಟಿಕ್ ಎಳೆದು ಬಿಳಿ ಕಾಗದಕ್ಕೆ ಒರೆಸಿದರೆ, ಕೆಂಪಗೆ ಹರಡಬೇಕಿದ್ದ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು, ನಡುವೆ ಕರಿ ಪುಡಿ ಉಳಿಯಿತು, ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ತಳದ ತಟ್ಟೆ ಇಳಿಸಿ ನೋಡುವ ಮೊದಲೇ ಮೂರನೇ ಗೇರಿನ ಕ್ಲಚ್ಚುಗಳು ಹೋಗಿವೆ ಎಂದು ಗೊತ್ತಾಯಿತು.

ಹಾಗಾಗಿ ಕೇಬಲ್ ಆ ಗೇರ್‌ಬಾಕ್ಸಿನದೇ ಇರಲಿ, ನಿಮ್ಮ ಕಾರ್ಬುರೇಟರಿಗೆಂದೇ ಮಾಡಿದ ಬ್ರಾಕೆಟ್ ಇರಲಿ. ಎಂಜಿನ್ ಆರಿಸಿ, ಒಬ್ಬರು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿಯಲಿ, ನೀವು ಬಾನೆಟ್ಟಿನ ಕೆಳಗೆ ಕೈಹಾಕಿ ಕೇಬಲ್ ಇನ್ನೂ ಎಳೆಯಲು ಬರುತ್ತದೆಯೇ ನೋಡಿ. ಬರಬಾರದು. ಕಾಲು ತೆಗೆದಾಗ ಸಡಿಲವಾಗಿ ಜೋತಾಡಲೂಬಾರದು. ಇಷ್ಟಕ್ಕೇ ನಿಲ್ಲದೆ, ಗೇರ್‌ಬಾಕ್ಸಿನ ಪಕ್ಕದ ತೂತಿಗೆ ಪ್ರೆಷರ್ ಗೇಜ್ ಹಾಕಿ, ಕೇಬಲ್ ಎಳೆದ ಹಾಗೆ ಒತ್ತಡ ಏರುತ್ತದೆಯೇ ಎಂದು ಕಣ್ಣಾರೆ ನೋಡುವವರೆಗೂ ರಸ್ತೆಗೆ ಇಳಿಸಬೇಡಿ. ಮೆಕ್ಯಾನಿಕ್ ಇದೆಲ್ಲ ಬೇಡ, ಓಡಿಸಿ ನೋಡೋಣ ಎಂದರೆ ಬೇರೆ ಮೆಕ್ಯಾನಿಕ್ ಹುಡುಕಿ. ಹಳೆಯ ಮಾಡ್ಯುಲೇಟರಿಗೆ ಹೋಗುತ್ತಿದ್ದ ವ್ಯಾಕ್ಯೂಮ್ ಕೊಳವೆಯ ಬಾಯಿಯನ್ನು ಮ್ಯಾನಿಫೋಲ್ಡಿನಲ್ಲಿ ಮುಚ್ಚಿಸುವುದನ್ನೂ ಮರೆಯಬೇಡಿ, ತೆರೆದೇ ಬಿಟ್ಟರೆ ಗಾಳಿ ಸೋರಿ ಎಂಜಿನ್ ಐಡ್ಲಿಂಗಿನಲ್ಲಿ ನಡುಗುತ್ತದೆ.

ಲಾಕಪ್ಪಿಗೆ 12 ವೋಲ್ಟ್ ಕರೆಂಟು ಬೇಕು. ಕೆಲವರು ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಎಂದಾದರೂ ಒಂದು ದಿನ ಆರಿಸಲು ಮರೆತು ಬ್ರೇಕ್ ಹಾಕುತ್ತೀರಿ, ಕ್ಲಚ್ ಒತ್ತದೆ ನಿಲ್ಲಿಸಿದ ಮ್ಯಾನುಯಲ್ ಕಾರಿನ ಹಾಗೆ ಎಂಜಿನ್ ಕುಲುಕಿ ಆಫ್ ಆಗುತ್ತದೆ. ಕರೆಂಟು ಬ್ರೇಕ್ ಪೆಡಲ್ಲಿನ ಸ್ವಿಚ್ಚಿನ ಮೂಲಕವೇ ಹೋಗಲಿ, ಬ್ರೇಕ್ ಮುಟ್ಟಿದೊಡನೆ ಕಡಿಯಬೇಕು. ಅದರ ಜೊತೆಗೆ ನಾಲ್ಕನೇ ಗೇರಿನಲ್ಲಿ ಮಾತ್ರ ಕರೆಂಟು ಹರಿಯಬಿಡುವ ಪ್ರೆಷರ್ ಸ್ವಿಚ್, ಏರು ಬಂದಾಗ ಬಿಡಿಸುವ ವ್ಯಾಕ್ಯೂಮ್ ಸ್ವಿಚ್ ಸೇರಿದರೆ ನಿಮಗೆ ಅದು ಇದೆ ಎಂಬುದೇ ಮರೆತುಹೋಗುತ್ತದೆ. ವೈರ್ ಕೊಡದೆ ಹಾಗೇ ಓಡಿಸಬೇಡಿ. ಲಾಕಪ್ ಹಿಡಿಯದೆ ಓವರ್‌ಡ್ರೈವಿನಲ್ಲಿ ದೂರ ಹೋದರೆ ಕನ್ವರ್ಟರ್ ಇನ್ನಷ್ಟು ಜಾರಿ ಎಣ್ಣೆ ಕುದಿಯುತ್ತದೆ. ರೇಡಿಯೇಟರಿನೊಳಗಿನ ಕೂಲರ್ ಜೊತೆಗೆ ಹೊರಗೊಂದು ಸಣ್ಣ ಕೂಲರ್ ಹಾಕಿಸಿ.

ಕೂರಿಸುವಾಗ ಒಂದು ಎಚ್ಚರಿಕೆ. ಕನ್ವರ್ಟರನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ಏರಿಸಿ ತಿರುಗಿಸುತ್ತಾ ಒಳಗೆ ತಳ್ಳಿದರೆ, ಅದು ಟಕ್ ಟಕ್ ಎಂದು ಹಂತಹಂತವಾಗಿ ಇಳಿಯುತ್ತದೆ. ಕೊನೆಯ ಟಕ್ ಪಂಪಿನ ಹಲ್ಲಿಗೆ ಕೂತದ್ದು. ಎಂಜಿನ್ನಿಗೆ ಗೇರ್‌ಬಾಕ್ಸ್ ತಾಗಿಸಿದ ಮೇಲೆ ಕನ್ವರ್ಟರಿಗೂ ಫ್ಲೆಕ್ಸ್‌ಪ್ಲೇಟಿಗೂ (ಎಂಜಿನ್ನಿನ ಹಿಂಬದಿಯ ತಟ್ಟೆಗೂ) ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಉಳಿಯಬೇಕು, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಸಂದೇ ಇಲ್ಲದಿದ್ದರೆ ಅದು ಪೂರ್ತಿ ಕೂತಿಲ್ಲ ಎಂದರ್ಥ. ಬೋಲ್ಟ್ ಬಿಗಿದು ಎಳೆದುಕೊಳ್ಳೋಣ ಎಂದರೆ ಎಂಜಿನ್ ಚಾಲೂ ಮಾಡುವ ಮೊದಲೇ ಪಂಪ್ ಒಡೆದಿರುತ್ತದೆ. ಗೇರ್ ಸೆಲೆಕ್ಟರಿನಲ್ಲಿ ಈಗ ಒಂದು ಮನೆ ಹೆಚ್ಚು ಬೇಕು. ಪಾರ್ಕ್, ನ್ಯೂಟ್ರಲ್ ಬಿಟ್ಟು ಬೇರೆ ಗೇರಿನಲ್ಲಿ ಸ್ಟಾರ್ಟ್ ಆಗದ ಹಾಗೆ ಸುರಕ್ಷತಾ ಸ್ವಿಚ್ಚನ್ನು ಹೊಸದಾಗಿ ಹೊಂದಿಸಬೇಕು. ಸ್ಪೀಡೋಮೀಟರಿನ ಪ್ಲಾಸ್ಟಿಕ್ ಗೇರ್ ಬದಲಾದರೆ ಓದುವುದೂ ಬದಲಾಗುತ್ತದೆ. ಅದನ್ನು ಸರಿ ಮಾಡದೆ ಮೈಲೇಜ್ ಅಳೆದು ‘ಒಂಬತ್ತು ಬಂತು’ ಎಂದು ಕುಣಿದವರನ್ನು ಕಂಡಿದ್ದೇನೆ.

ತೆಗೆದ ಟರ್ಬೊ 350 ಅನ್ನು ಮಾತ್ರ ಗುಜರಿಗೆ ಹಾಕಬೇಡಿ, ಹಳೆಯದಕ್ಕೆ ಬದಲಿಗೆಂದು ಅಂಗಡಿಯವರಿಗೂ ಕೊಡಬೇಡಿ. ಅದರ ಮೈಮೇಲೆ ನಿಮ್ಮ ಕಾರಿನ ಚಾಸಿ ಸಂಖ್ಯೆಯ ಭಾಗ ಕೊರೆದಿರುತ್ತದೆ, ಎಂದಾದರೂ ಕಾರು ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ. ಒಳಗೆ ಎಣ್ಣೆ ಇರಲಿ, ಕೂಲರ್ ಕೊಳವೆಯ ಎರಡೂ ತೂತಿಗೆ ಮತ್ತು ಬಾಲಕ್ಕೆ ಮುಚ್ಚಳ ಹಾಕಿ, ಹಳೆಯ ಕನ್ವರ್ಟರ್, ಕಿಕ್‌ಡೌನ್ ಕೇಬಲ್, ಬೋಲ್ಟುಗಳನ್ನು ಒಂದು ಚೀಲದಲ್ಲಿ ಕಟ್ಟಿ ಅದಕ್ಕೇ ನೇತುಹಾಕಿಡಿ.